ತೊಗರಿ ಕಟ್ಟಿಗೆಯ ತೊಗಲು

ಬರ ಬಿದ್ದ ಎರಡನೆಯ ವರ್ಷ. ನಾನು ಭಾಲ್ಕಿಯ ಒಂದು ವಿದ್ಯಾರ್ಥಿ ನಿಲಯದ ಮೇಲ್ವಿಚಾರಕ. ಐದಕ್ಕೆ ಗಂಟೆ, ಐದೂವರೆಗೆ ಸ್ನಾನ, ಆರಕ್ಕೆ ಲಿಂಗಪೂಜೆ. ಪೂಜೆಯ ಹಾಲ್‌ನ ಹೊಸ್ತಿಲು ದಾಟಿ ತೊಗಲಿನ ಬೆಲ್ಟು ಕೂಡ ಬರುವಂತಿರಲಿಲ್ಲ; ಹುಡುಗರ ಓದೂ ಅಲ್ಲೇ ನಡೆಯುತ್ತಿದ್ದುದರಿಂದ ಪುಸ್ತಕದ ಚೀಲಕ್ಕೂ ಅದೇ ನಿಯಮ.

ಠಾಣಾ ಕುಶನೂರಿನ ಎಂಜಿನಿಯರ್ ಒಬ್ಬರು ಪುಸ್ತಕದ ಚೀಲದ ಮಾದರಿ ತಂದರು. ಬೀದರದ ಕಾರ್ಖಾನೆಯ ನೌಕರಿ ಬಿಟ್ಟು, ತೊಗರಿ ಕಟ್ಟಿಗೆಯ ನಾರು ಕುದಿಸಿ, ಬಡಿದು, ಹರಳೆಣ್ಣೆ ಬೆರೆಸಿದ ಬಣ್ಣ ಬಳಿದು ತೊಗಲಿನಂಥ ಹಾಳೆ ಮಾಡುವುದನ್ನು ಅವರು ಕಂಡುಹಿಡಿದಿದ್ದರು. ಊರಿನ ಆರು ಹೆಣ್ಣುಮಕ್ಕಳು ಅವರ ಶೆಡ್ಡಿನಲ್ಲಿ ಹೊಲಿಗೆಗಿದ್ದರು. ನಾವು ಚೀಲ ಕೊಂಡರೆ ಆ ಹೆಣ್ಣುಮಕ್ಕಳು ಊರಲ್ಲಿ ಉಳಿಯುತ್ತಾರೆ, ಇಲ್ಲದಿದ್ದರೆ ಹೈದರಾಬಾದಿನ ಇಟ್ಟಿಗೆ ಭಟ್ಟಿಗೆ ಹೋಗುತ್ತಾರೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು.

ಚೀಲವನ್ನು ಮುದುರಿ ನೋಡಿದೆ. ತೊಗಲಿನ ಹಾಗೆಯೇ ಗೆರೆ ಬಿತ್ತು.

“ಇದು ತೊಗಲೇ ಅಲ್ಲವೇನ್ರಿ?”

“ತೊಗಲಲ್ರಿ ಸರ್, ತೊಗರಿ. ಒಂದ ಅಕ್ಷರ ಫರಕ್,” ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

ಅವರು ಹೋದ ಮೇಲೆ ನಮ್ಮ ಅಡುಗೆಯವನು ಹೇಳಿದ: “ಈ ವರ್ಷ ದನ ಸತ್ತಾವು, ಚೀಲ ಹುಟ್ಟ್ಯಾವು. ನೀವೇ ತಿಳಕೋರಿ. ಅವರ ಹಿರ್ಯಾರದೂ ಅದೇ ಕಸುಬಿತ್ತು.”

ಎಂಜಿನಿಯರ್ ಮನೆಯವರು ಬೌದ್ಧರು. ತಂದೆಯ ಕಾಲಕ್ಕೇ ತೊಗಲಿನ ಕೆಲಸ ಬಿಟ್ಟಿದ್ದರು. ನನಗದು ಗೊತ್ತಿತ್ತು, ಗೊತ್ತಿದ್ದೂ ಆ ಮಾತು ತಲೆಯಲ್ಲಿ ಕೂತಿತು.

ಬಂದ ಪ್ರತಿ ಮಾದರಿಯ ತುಣುಕನ್ನು ಸರೇಸು ಹಚ್ಚಿ ರಿಜಿಸ್ಟರಿಗೆ ಅಂಟಿಸಿ ತಾರೀಖು ಬರೆಯುವುದು ನನ್ನ ಪದ್ಧತಿ. ಇದನ್ನೂ ಅಂಟಿಸಿದೆ. ಮೂರನೆಯ ದಿನ ಅನುಮಾನ ತಡೆಯಲಾಗದೆ ಕಿತ್ತು ದೀಪಕ್ಕೆ ಹಿಡಿದೆ. ಕೂದಲು ಸುಟ್ಟ ವಾಸನೆ, ತೊಗಲು ಸುಟ್ಟರೆ ಬರುವಂಥದೇ! ಚೀಲ ಬೇಡವೆಂದು ಅಂದೇ ಪತ್ರ ಹಾಕಿದೆ, ಕಾರಣ ಸಮೇತ.

ಹತ್ತು ದಿನದ ಮೇಲೆ ಬೀದರಕ್ಕೆ ಹೋದಾಗ, ಪರಿಚಯದ ರಸಾಯನಶಾಸ್ತ್ರದ ಉಪನ್ಯಾಸಕರಿಗೆ ಅರ್ಧ ಸುಟ್ಟ ತುಣುಕನ್ನು ಸಾಕ್ಷಿಯೆಂಬಂತೆ ತೋರಿಸಿದೆ. ಅವರು ಅದರ ಹಿಂಬದಿಯನ್ನು ಉಗುರಿನಿಂದ ಕೆರೆದರು.

“ಇದಕ್ಕೇನು ಹಚ್ಚೀರಿ?”

“ಸರೇಸು.”

“ಸರೇಸು ಯಾತರದು ಅಂದುಕೊಂಡೀರಿ? ದನದ ತೊಗಲು, ಎಲುಬು ಕುದಿಸಿ ಮಾಡಿದ್ದು. ನಿಮ್ಮ ಅಂಟು ನೀವೇ ಸುಟ್ಟು ವಾಸ್ನಿ ನೋಡೀರಿ!”

ಅಂಟು ಪೂರ್ತಿ ಕೆರೆದು ಮತ್ತೆ ಸುಟ್ಟರು. ಒಣ ಕಟ್ಟಿಗೆಯ ಹೊಗೆ ಬಂತು, ಅಷ್ಟೇ. ನನ್ನ ರಿಜಿಸ್ಟರುಗಳೆಲ್ಲ ಇರುತ್ತಿದ್ದುದು ಪೂಜೆಯ ಹಾಲ್‌ನ ಕಪಾಟಿನಲ್ಲಿ.

ಮರುದಿನ ಮೊದಲ ಬಸ್ಸಿಗೆ ಔರಾದ, ಅಲ್ಲಿಂದ ಕುಶನೂರು. ಎಂಜಿನಿಯರ್ ಒಬ್ಬರೇ ಕೂತು ನಾರು ಬಡಿಯುತ್ತಿದ್ದರು. ತಪ್ಪು ನನ್ನದು, ಚೀಲ ಬೇಕು ಎಂದೆ.

“ಹೊಲಿಯೋರು ಮೊನ್ನೆ ಹೋದ್ರು ಸರ್. ನಿಮ್ಮ ಪತ್ರ ಓದು ಅಂದ್ರು, ಓದಿದೆ. ವಾಸ್ನಿ ಮಾತು ಬಂದ ಕೂಡಲೇ ಒಬ್ಬಾಕಿ ತನ್ನ ಕೈ ಮೂಸಿ ನೋಡ್ಕೊಂಡಳು.”

ಅವರ ವಿಳಾಸವಾದರೂ ಕೊಡಿ, ಪತ್ರ ಬರೆಯುತ್ತೇನೆ ಎಂದೆ.

“ಭಟ್ಟಿಗಿ ಎಲ್ಲಿ ವಿಳಾಸ ಇರ್ತದ್ರಿ?” ಎಂದು ಅವರು ಮತ್ತೆ ಬಡಿಯತೊಡಗಿದರು.