ಮಚ್ಚೆಗೆ ಬಿಗಿದ ದಾರ

"ಅಮ್ಮಾ, ಟೈಲರ್ ದೊಡ್ಡಮ್ಮ ಯಾಕೆ ಕೆನ್ನೆಗೆ ಬೆಳ್ಳುಳ್ಳಿ ಅಂಟಿಸ್ಕೊಂಡಿದ್ದಾರೆ?" ಎಂದು ಹೋದ ವಾರ ಮಗಳು ಕೇಳಿದಾಗ ತಾಯಿಗೆ ನಗು ತಡೆಯಲಾಗಿರಲಿಲ್ಲ.

ಕೆಳಮನೆಯ ಟೈಲರ್ ಅಕ್ಕನಿಗೆ ಗಿರಾಕಿಗಳ ಅಳತೆ ನೋಡುವಾಗಲೆಲ್ಲ ನಿಲುವುಗನ್ನಡಿಯಲ್ಲಿ ಅವರ ಮುಖದ ಪಕ್ಕ ತನ್ನ ಕೆನ್ನೆಯ ಉಬ್ಬು ಮಚ್ಚೆಯೇ ಕಣ್ಣಿಗೆ ಚುಚ್ಚುತ್ತಿತ್ತು. ಬೆಳ್ಳುಳ್ಳಿ ಆಯಿತು, ವಿನೆಗರ್ ಆಯಿತು, ಅಡುಗೆ ಸೋಡಾ ಆಯಿತು. ಸುತ್ತಲಿನ ಚರ್ಮ ಸುಟ್ಟು ಕೆಂಪಾಯಿತೇ ಹೊರತು ಮಚ್ಚೆ ಜಪ್ಪಯ್ಯ ಅಂದರೂ ಕದಲಲಿಲ್ಲ.

ಇವತ್ತು ಮಗಳ ಫ್ರಾಕು ತರಲು ತಾಯಿ ಕೆಳಗಿಳಿದರೆ, ಅಕ್ಕ ಮಿಷನ್ ಮುಂದೆ ಕೂರುತ್ತಿದ್ದರು, ಏಳುತ್ತಿದ್ದರು, ಕನ್ನಡಿಯ ಹತ್ತಿರ ಹೋಗಿ ಬರುತ್ತಿದ್ದರು. ಫ್ರಾಕಿನ ಒಂದು ತೋಳು ಒಳಹೊರಗಾಗಿ ಕೂತಿತ್ತು. ಅಕ್ಕ ಮಚ್ಚೆಯ ಬುಡಕ್ಕೆ ಬಟನ್ ಹೊಲಿಯುವ ದಾರ ಬಿಗಿದಿದ್ದರು. ಅದು ಊದಿ ಕಪ್ಪಾಗಿ, ರಕ್ತ ಜಿನುಗುತ್ತಿತ್ತು.

"ಅಯ್ಯೋ, ಅದೇನು ಬಟನ್ನಾ ಅಕ್ಕ, ಸುತ್ತಿ ಗಂಟು ಹಾಕೋಕೆ?"

"ಒಣಗಿ ತಾನಾಗೇ ಉದುರುತ್ತೆ ಅಂದ್ಕೊಂಡೆ ಕಣೇ. ನಾನು ಹಾಕಿದ ಗಂಟು ನನಗೇ ಬಿಚ್ಚೋಕೆ ಆಗ್ತಿಲ್ಲ. ಇದು ಏನಾದ್ರೂ ಕೆಟ್ಟದ್ದಕ್ಕೆ ತಿರುಗಿಬಿಟ್ರೆ?" ಎನ್ನುತ್ತಾ ಅಕ್ಕ ಕತ್ತರಿ ಚಾಚಿದರು.

ತಾಯಿ ಕತ್ತರಿಯನ್ನು ಪಕ್ಕಕ್ಕಿಟ್ಟು, ಒಗೆದ ಬಟ್ಟೆಯ ತುಂಡೊಂದನ್ನು ಮಚ್ಚೆಯ ಮೇಲೆ ಮೆತ್ತಗೆ ಒತ್ತಿಹಿಡಿದಳು. "ಇದು ನನ್ನ ಕೈಲಿ ಆಗೋ ಕೆಲಸ ಅಲ್ಲ. ಡಾಕ್ಟರೇ ನೋಡಿ ಬಿಚ್ಚಲಿ. ಏಳಿ, ಈಗಲೇ ಹೊರಡಿ."

ಅಕ್ಕ ಚಪ್ಪಲಿ ಮೆಟ್ಟಿದರು, ಬಿಟ್ಟರು, ಮತ್ತೆ ಮೆಟ್ಟಿದರು.

"ನೀನೂ ಬಾರೇ. ಈ ದಾರ ಯಾರು ಕಟ್ಟಿದ್ದು ಅಂತ ಅವರು ಕೇಳೇ ಕೇಳ್ತಾರೆ. ನನಗೆ ಬಾಯಿ ಬರಲ್ಲ, ನೀನೇ ಹೇಳಿಬಿಡು."