ಪೂರ್ತಿ ವಿಡಿಯೋ ಬರಲಿ

ಅಮೆರಿಕದ ಲ್ಯಾನ್‌ಹ್ಯಾಮ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಭಾನುವಾರ ದೋಸೆ ಮುಗಿದುಹೋಗಬಹುದು, ಶೇಷಗಿರಿಯವರ ಮಾತು ಮುಗಿಯುವುದಿಲ್ಲ. ಪೊಲೀಸನೊಬ್ಬ ಕಪ್ಪು ಯುವಕನನ್ನು ಗುಂಡಿಟ್ಟು ಕೊಂದ ಸುದ್ದಿ ಬಂದ ವಾರವಂತೂ ನಮ್ಮ ಮೇಜು ನ್ಯಾಯಾಲಯವೇ. ‘ಪೂರ್ತಿ ವಿಡಿಯೋ ಬರ್ಲಿ ಕಣ್ರೀ, ಆಮೇಲೆ ಜಡ್ಜ್ ಮಾಡೋಣ’ ಎನ್ನುತ್ತಾರೆ. ಪೂರ್ತಿ ವಿಡಿಯೋ ಬಂದರೆ ಅದಕ್ಕೂ ಹಿಂದಿನ ಐದು ನಿಮಿಷ ಬೇಕು. ಅದೂ ಬಂದರೆ ಪೊಲೀಸನ ಜಾತಕ ಕೇಳಿಯಾರು. ವರ್ಣಭೇದವೆಂಬುದು ಪತ್ರಿಕೆಯವರ ಸೃಷ್ಟಿ ಎಂದು ಸಾಧಿಸುತ್ತಲೇ ಎದುರಿನವರ ಸಾಂಬಾರಿಗೆ ತಮ್ಮ ವಡೆ ಅದ್ದುತ್ತಾರೆ. ‘ನಲವತ್ತು ವರ್ಷದಲ್ಲಿ ನಂಗೆ ಒಬ್ರೂ ಏನೂ ಅಂದಿಲ್ಲ’ ಎಂಬುದು ಅವರ ಮಂಗಳಾರತಿ. ಇಂಥವರು ಮೊನ್ನೆ ಮೊಮ್ಮಗಳು ಮಾನ್ಯಾಳಿಗೆ ಡ್ರೈವಿಂಗ್ ಕಲಿಸಲು ಹೊರಟಾಗ ನಾನು ಹಿಂದಿನ ಸೀಟಿನಲ್ಲಿದ್ದೆ. ಕಾರು ಸ್ಟಾರ್ಟ್ ಮಾಡಲು ಬಿಡಲೇ ಇಲ್ಲ. ಪೊಲೀಸ್ ನಿಲ್ಲಿಸಿದರೆ ಎರಡೂ ಕೈ ಸ್ಟಿಯರಿಂಗ್ ಮೇಲಿರಬೇಕು, ಕೇಳದೆ ಬ್ಯಾಗಿಗೆ ಕೈ ಹಾಕಬಾರದು ಎಂದು ಅರ್ಧ ಗಂಟೆ ಅದನ್ನೇ ಮಾಡಿಸಿದರು. ‘ಬಟ್ ತಾತ, ನಾವು ಬ್ಲ್ಯಾಕ್ ಅಲ್ಲ ಅಲ್ವಾ?’ ಎಂದಳು ಹುಡುಗಿ. ಶೇಷಗಿರಿಯವರು ಅವಳ ಕೈಗಳನ್ನು ಇನ್ನಷ್ಟು ಅಗಲಿಸಿ, ಎದ್ದು ಕಾಣುವಂತೆ ಇಟ್ಟರು. ‘ದೂರದಿಂದ ನೋಡೋನಿಗೆ ಅದೇನ್ ಗೊತ್ತಾಗುತ್ತಮ್ಮ? ಎಲ್ಲಿ, ಇನ್ನೊಂದ್ಸಲ ಮಾಡು.’