‘ಮನೆಯಲ್ಲಿ’ ಎಂದು ಬರೆದದ್ದು ನಾನೇ

ಭಾವ ತೀರಿಕೊಂಡ ದಿನದ ಡೈರಿ ಪುಟದಲ್ಲಿ ಎರಡೇ ಸಾಲುಗಳಿವೆ. “ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಬಂತು. ಸಂಜೆ ಐದೂವರೆಗೆ ಮಣ್ಣಾಯಿತು.” ನಡುವಿನ ಆರೂವರೆ ತಾಸಿನ ಬಗ್ಗೆ ಒಂದಕ್ಷರವೂ ಇಲ್ಲ. ಮುಂದೆ ಕೋರ್ಟಿನಲ್ಲಿ ನನ್ನನ್ನು ಕೇಳಿದ್ದೆಲ್ಲ ಆ ಆರೂವರೆ ತಾಸಿನ ಬಗ್ಗೆಯೇ. ಹಾಗಾಗಿ ಇಲ್ಲಿ ಬರೆಯುವುದಕ್ಕೆ ನನ್ನ ಬಳಿ ನೆನಪನ್ನು ಬಿಟ್ಟು ಬೇರೆ ಆಧಾರವಿಲ್ಲ. ಅದನ್ನೂ ವಕೀಲರಿಗೆ, ಅಕ್ಕನಿಗೆ, ಬಂಧುಗಳಿಗೆ ಎಷ್ಟು ಸಲ ಹೇಳಿದ್ದೇನೆಂದರೆ, ಕಂಡದ್ದು ಯಾವುದು, ಹೇಳಿ ಹೇಳಿ ಕಂಡಂತಾದದ್ದು ಯಾವುದು ಎಂದು ಬೇರ್ಪಡಿಸುವುದು ಕಷ್ಟ.

ಭಾವ ಎಂದರೆ ನನ್ನ ಅಕ್ಕನ ಗಂಡ. ಧಾರವಾಡದ ಕಡೆಯ ಹಳ್ಳಿಯವರು. ಕೆಲಸ ಹುಡುಕಿಕೊಂಡು ದಾಂಡೇಲಿಗೆ ಬಂದು ಇಲ್ಲೇ ನಿಂತವರು. ಕೊನೆಯ ಆರೇಳು ವರ್ಷ ಊರ ಹೊರಗಿನ ಒಂದು ಸಣ್ಣ ಪ್ಲೈವುಡ್ ಘಟಕದಲ್ಲಿ ಹಲಗೆ ಎತ್ತಿ ಒಟ್ಟುವ ಕೆಲಸ ಮಾಡುತ್ತಿದ್ದರು. ಅಕ್ಕ ದಾಂಡೇಲಿಯ ಕೋಗಿಲಬನದ ಮನೆಯಲ್ಲಿ ಬ್ಲೌಸು ಹೊಲಿಯುತ್ತಾಳೆ. ಮಗಳು ಹೈಸ್ಕೂಲಿನಲ್ಲಿದ್ದಾಳೆ. ನಾನು ಹಳಿಯಾಳದ ಕಾಲೇಜೊಂದರಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕ.

ನಾನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಭಾವನನ್ನು ಒಳಗಿನ ಮಂಚದ ಮೇಲೆ ಮಲಗಿಸಿದ್ದರು. ರಕ್ತ ಇರಲಿಲ್ಲ. ಅಂಗಿಯ ಮೇಲೆ ಕಟ್ಟಿಗೆಯ ಧೂಳಿತ್ತು, ಅದು ದಿನಾ ಇರುತ್ತಿತ್ತು. ಚಹಾದ ಹೊತ್ತಿಗೆ ಎದೆ ಹಿಡಿದುಕೊಂಡು ಕುಳಿತರು, ಹಾಗೇ ವಾಲಿದರು ಎಂದು ಘಟಕದ ಸೂಪರ್‌ವೈಜರ್ ಹೇಳಿದ. ಭಾವನಿಗೆ ಬಿಪಿ ಇತ್ತು, ಗುಳಿಗೆ ತೆಗೆದುಕೊಳ್ಳುತ್ತಿದ್ದರು. ನಾವೆಲ್ಲ ನಂಬಿದೆವು.

ನಂಬಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ, ಕೂರಿಸಿ ಹೂಳುತ್ತೇವೆ. ಮೈ ಸೆಟೆಯುವುದರೊಳಗೆ ಕಾಲು ಮಡಚಿ ಪದ್ಮಾಸನ ಹಾಕಿಸಿ ಗೋಡೆಗೆ ಆನಿಸಬೇಕು. ಆಸ್ಪತ್ರೆಯ ಅಂಗಳದಲ್ಲಿ ಸೇರಿದ್ದ ಹಿರಿಯರೆಲ್ಲ ಗಡಿಯಾರ ನೋಡುತ್ತಿದ್ದರು. ಪೋಸ್ಟ್‌ಮಾರ್ಟಮ್ ಎಂದರೆ ಪೊಲೀಸರು ಬರಬೇಕು, ಪಂಚನಾಮೆ ಆಗಬೇಕು, ನಾಳೆಯವರೆಗೂ ಹೋಗಬಹುದು. ಕೊಯ್ದು ಹೊಲಿದ ಮೈಯನ್ನು ಆಮೇಲೆ ಕೂರಿಸುವುದು ಹೇಗೆ ಎಂಬುದೇ ಎಲ್ಲರ ಚಿಂತೆಯಾಗಿತ್ತು. ಹೇಗೆ ಸತ್ತರು ಎಂದು ಕೇಳಿದವರು ಯಾರೂ ನನಗೆ ನೆನಪಿಲ್ಲ. ನಾನೂ ಕೇಳಲಿಲ್ಲ.

ಸೂಪರ್‌ವೈಜರ್ ನಮ್ಮ ಕಡೆಯವನೇ, ಪದ್ಧತಿ ಬಲ್ಲವನು. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: “ಮನ್ಯಾಗ ಎದಿ ನೋವು ಬಂತು ಅಂತ ಬರೀರಿ ಸರ. ಕೆಲಸದ ಜಾಗಾದಾಗ ಅಂದ್ರ ಕೊಯ್ಯೂದು ತಪ್ಪಂಗಿಲ್ಲ.”

ಬರೆದೆ. ಆಸ್ಪತ್ರೆಗೆ ಕೊಟ್ಟ ಅರ್ಜಿ ಹೀಗಿತ್ತು: ಮನೆಯಲ್ಲಿ ಎದೆನೋವು ಕಾಣಿಸಿಕೊಂಡು ಮೃತಪಟ್ಟಿರುತ್ತಾರೆ, ಯಾರ ಮೇಲೂ ಸಂಶಯವಿಲ್ಲ, ಶವಪರೀಕ್ಷೆ ಬೇಡ. ಅಕ್ಕ ನೋಡದೆಯೇ ಸಹಿ ಹಾಕಿದಳು. ಆತ ಹೇಳಿದ್ದಕ್ಕೆ ಬರೆದೆ ಎಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ಆಮೇಲೆ ನಕಲು ಪ್ರತಿ ಕೈಗೆ ಬಂದಾಗ ಓದಿದರೆ, ಆ ನಯವಾದ ವಾಕ್ಯಗಳು ನನ್ನವೇ. ಆತ ‘ಮನೆ’ ಎಂಬ ಒಂದು ಮಾತು ಕೊಟ್ಟಿದ್ದ, ಉಳಿದದ್ದೆಲ್ಲ ನಾನು ಸೇರಿಸಿದ್ದು.

ಮನೆಗೆ ತಂದು ಸ್ನಾನ ಮಾಡಿಸಿದೆವು. ಕೂರಿಸುವಾಗ ನಾನು ಹಿಂದಿನಿಂದ ತೋಳುಗಳ ಕೆಳಗೆ ಕೈ ಹಾಕಿ ಎತ್ತಿ ಹಿಡಿದಿದ್ದೆ. ಸೋದರ ಸಂಬಂಧಿಯೊಬ್ಬ ಕಾಲು ಮಡಚುತ್ತಿದ್ದ. ಭಾರ ಜಾರಿದಾಗ ನಾನು ಎದೆಯನ್ನು ಬಿಗಿಯಾಗಿ ಅಪ್ಪಿದೆ. ಎಡಗೈಯ ಕೆಳಗೆ ಪಕ್ಕೆಲುಬು ಜರುಗಿತು. ಯಾರಿಗೂ ಹೇಳಲಿಲ್ಲ. ಹಣೆಗೆ ವಿಭೂತಿ ಬಳಿದರು, ಭಜನೆ ಶುರುವಾಯಿತು.

ಮೂರು ವಾರದ ನಂತರ ಭಾವನ ಜೊತೆ ಕೆಲಸ ಮಾಡುತ್ತಿದ್ದ, ಸಿದ್ದಿ ಸಮುದಾಯದ ಗೆಳೆಯ ಅಕ್ಕನ ಮನೆಗೆ ಬಂದ. ತೇರಗಾಂವದ ಆಚೆಯ ಹಳ್ಳಿಯವನು. ಕೊಟ್ಟ ಚಹಾ ಮುಟ್ಟದೆ ಹೇಳಿದ. ಆಳೆತ್ತರ ಒಟ್ಟಿದ್ದ ಪ್ಲೈ ಹಲಗೆಗಳು ಜಾರಿ ಭಾವನ ಎದೆಯ ಮೇಲೆ ಬಿದ್ದವು. ಅವರು ಕೆಳಗೆ ಕುಕ್ಕುರುಗಾಲಲ್ಲಿ ಕುಳಿತು ಹಲಗೆ ಕಟ್ಟಿದ ಪಟ್ಟಿ ಕತ್ತರಿಸುತ್ತಿದ್ದರು. ಹಲಗೆಯ ರಾಶಿಗೆ ಕೊಟ್ಟಿದ್ದ ಕಬ್ಬಿಣದ ಆಸರೆ ಹದಿನೈದು ದಿನದಿಂದ ಮುರಿದಿತ್ತು, ಮಾಲೀಕನಿಗೆ ಎರಡು ಸಲ ಹೇಳಿದ್ದರು. ನಾಲ್ಕು ಜನ ಸೇರಿ ಹಲಗೆ ಎಳೆದಾಗ ಇನ್ನೂ ಉಸಿರಿತ್ತು.

ಅಂದೇ ಆಸ್ಪತ್ರೆಗೆ ಬಂದು ಏಕೆ ಹೇಳಲಿಲ್ಲ ಎಂದು ನಾನು ಕೇಳಿದೆ. ನನ್ನ ದನಿ ಸ್ವಲ್ಪ ಮೇಷ್ಟರ ದನಿಯಾಗಿದ್ದಿರಬೇಕು.

“ನಮ್ಮನ್ನ ಅಲ್ಲೇ ನಿಲ್ಲಿಸಿ ಹಲಗಿ ಮತ್ತ ಒಟ್ಟಿಸಿದ್ರು ಸರ. ಸಂಜಿಗೆ ಬಂದ್ರ ನೀವು ಮಣ್ಣು ಮಾಡಿ ಕೈ ತೊಳಕೊಂಡಿದ್ರಿ. ನಮ್ಮ ಮಂದಿನ ನಾವು ಮಲಗಿಸ್ತೀವಿ, ನಮಗ ಇಷ್ಟು ಅವಸರ ಇರೂದಿಲ್ಲ.” ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿ ಹೇಳಿದ: “ಈಗ ನೀವು ಬರದದ್ದನ್ನ ನಾ ಬಂದು ಅಳಿಸಬೇಕೇನ್ರಿ?”

ಅಕ್ಕ ಒಳಗೆ ಹೋಗಿ ತಣ್ಣಗಾದ ಚಹಾ ಬದಲಿಸಿ ತಂದಳು. ಮಾಲೀಕನ ಮೇಲೆ ಅವಳು ಒಂದು ಮಾತೂ ಆಡಲಿಲ್ಲ. ಉಸಿರಿತ್ತು ಎಂದೆಯಲ್ಲ, ಎಷ್ಟು ಹೊತ್ತಿತ್ತು ಎಂದಷ್ಟೇ ಅವನನ್ನು ಕೇಳಿದಳು. 

ಹಳಿಯಾಳದ ವಕೀಲೆಯೊಬ್ಬರ ಬಳಿ ಹೋದೆವು. ಅವರು ದಾರಿಗಳನ್ನು ಬಿಡಿಸಿ ಹೇಳಿದ ರೀತಿ ನನಗೆ ಹಿಡಿಸಿತು, ಸುಳ್ಳು ಭರವಸೆ ಇರಲಿಲ್ಲ. ನಿರ್ಲಕ್ಷ್ಯದಿಂದ ಆದ ಸಾವು ಎಂದು ಈಗಲೂ ಪೊಲೀಸರಿಗೆ ದೂರು ಕೊಡಬಹುದು. ಅದರಲ್ಲಿ ಗೆದ್ದರೆ ತಪ್ಪಿತಸ್ಥನಿಗೆ ಶಿಕ್ಷೆಯಾಗುತ್ತದೆ, ಆದರೆ ಮನೆ ನಡೆಯುವುದು ಅದರಿಂದಲ್ಲ. ಭಾವನ ಹೆಸರು ಕಾರ್ಮಿಕರ ಇಎಸ್‌ಐ ವಿಮೆಯಲ್ಲಿ ಇದ್ದಿದ್ದರೆ ಕುಟುಂಬಕ್ಕೆ ಪಿಂಚಣಿ ಸಿಗುತ್ತಿತ್ತು, ಇರಲಿಲ್ಲ. ಉಳಿದದ್ದು ಕಾರ್ಮಿಕ ಪರಿಹಾರದ ಅರ್ಜಿ. ಎರಡು ವರ್ಷದೊಳಗೆ ಹಾಕಬೇಕು. ಅಲ್ಲಿ ಮಾಲೀಕನ ತಪ್ಪನ್ನು ಸಾಬೀತು ಮಾಡಬೇಕಾಗಿಲ್ಲ. ಅವನ ಕೆಲಸದಲ್ಲಿದ್ದಾಗ, ಆ ಕೆಲಸದಿಂದಾದ ಅಪಘಾತದಲ್ಲಿ ಸತ್ತರು ಎಂಬುದನ್ನು ತೋರಿಸಿದರೆ ಸಾಕು. ಇಷ್ಟು ಹೇಳಿ, ನಾನು ಬರೆದ ಅರ್ಜಿಯ ಮೇಲೆ ಬೆರಳಿಟ್ಟರು. ‘ಮನೆಯಲ್ಲಿ’ ಎಂಬಲ್ಲಿ.

ಹೂತದ್ದನ್ನು ತೆಗೆಸಿ ಪರೀಕ್ಷೆ ಮಾಡಿಸಬಹುದೇ ಎಂದು ನಾನೇ ಕೇಳಿದೆ. ಅಧಿಕಾರಿಯ ಆದೇಶ ತಂದರೆ ಆಗುತ್ತದೆ, ಎಲುಬು ಮುರಿದದ್ದು ಈಗಲೂ ಕಾಣುತ್ತದೆ ಎಂದರು. ಅಕ್ಕ ಬೇಡ ಎಂದು ತಲೆಯಾಡಿಸಿದಳು. ವಕೀಲೆ ಒತ್ತಾಯ ಮಾಡಲಿಲ್ಲ. ತೆಗೆಸಿದರೂ, ಕೂರಿಸುವಾಗ ಮುರಿಯಿತು ಎಂದು ಮಾಲೀಕನ ಕಡೆಯವರು ವಾದಿಸುತ್ತಾರೆ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

“ಕುಂದ್ರಿಸಿದವ್ರು ನೀವಲ್ರಿ. ಮೊದಲ ಮುರದಿತ್ತೋ, ಆಮೇಲೆ ಮುರೀತೋ, ನಿಮ್ಮ ಕೈಗೆ ಗೊತ್ತಾಗಿರಬೇಕಲ್ಲ.”

ನೆನಪು ಮಾಡಿಕೊಂಡು ಹೇಳುತ್ತೇನೆ ಎಂದೆ. ಆಗ ಶುರುವಾದದ್ದು ವಿಚಿತ್ರ. ದಿನವೂ ಕಾಲೇಜಿನ ಬಸ್ಸಿನಲ್ಲಿ ಕುಳಿತು ಆ ಗಳಿಗೆಯನ್ನು ನೆನೆಸಿಕೊಳ್ಳುತ್ತಿದ್ದೆ. ಮೊದಲ ವಾರ, ಏನೋ ಜರುಗಿತು ಎಂದಷ್ಟೇ ಇತ್ತು. ಎರಡನೆಯ ವಾರಕ್ಕೆ, ಜರುಗುವ ಮೊದಲೇ ಅಲ್ಲಿ ತಗ್ಗಿತ್ತು ಎನ್ನಿಸತೊಡಗಿತು. ತಿಂಗಳಾಗುವಷ್ಟರಲ್ಲಿ ಸ್ನಾನ ಮಾಡಿಸುವಾಗಲೇ ಅದನ್ನು ಕಂಡಿದ್ದೆ ಎಂದು ಖಾತ್ರಿಯಾಗಿತ್ತು. ನಮಗೆ ಬೇಕಾದ ಕಡೆಗೇ ನೆನಪು ಇಷ್ಟು ನೇರವಾಗಿ ನಡೆದದ್ದರಿಂದ ನನಗೆ ಅದರ ಮೇಲೆ ಸಂಶಯ ಬಂತು. ಕೋರ್ಟಿಗೆ ಕೊಡುವ ನನ್ನ ಪ್ರಮಾಣಪತ್ರದಲ್ಲಿ ಎಲುಬಿನ ವಿಷಯ ಹಾಕಬೇಡಿ ಎಂದು ವಕೀಲೆಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

ಪರಿಹಾರದ ಅರ್ಜಿಯನ್ನೂ ಪೊಲೀಸ್ ದೂರನ್ನೂ ಹಾಕಿದೆವು. ಪರಿಹಾರದ ವಿಚಾರಣೆಗೆ ಮಾಲೀಕನ ಕಡೆಯವರು ಎರಡು ಕಾಗದ ತಂದಿದ್ದರು: ಹಾಜರಿ ಪುಸ್ತಕದಲ್ಲಿ ಆ ದಿನ ಭಾವನ ಹೆಸರಿಲ್ಲ, ಜೊತೆಗೆ ನನ್ನ ಅರ್ಜಿ. ಪಾಟೀಸವಾಲಿನಲ್ಲಿ ಅವರ ವಕೀಲರು ಕೈಬರಹ ನನ್ನದೇ ತಾನೆ ಎಂದು ಕೇಳಿದರು. ಹೌದು ಎಂದೆ. ‘ಮನೆಯಲ್ಲಿ’ ಎಂದು ಬರೆದದ್ದು ಸುಳ್ಳೇ? ಸುಳ್ಳು. ಗೊತ್ತಿದ್ದೇ ಬರೆದಿರಾ? ಗೊತ್ತಿದ್ದೇ ಬರೆದೆ. ಪಾಠ ಹೇಳುವವರು ನೀವು ಎಂದು ಅವರು ಮೆಲ್ಲಗೆ ಚುಚ್ಚಿದರು. ಕೂರಿಸುವ ಪದ್ಧತಿಯ ವಿಷಯವನ್ನೂ ಅವರೇ ಎತ್ತಿದರು. ಮೈಯನ್ನು ಬಗ್ಗಿಸುವಾಗ ಎದೆಗೆ ಪೆಟ್ಟಾಗಿದ್ದರೆ ನಿಮ್ಮಿಂದಲೇ ಆಗಿರಬೇಕಲ್ಲವೇ ಎಂದರು.

ಒಂದು ಎಲುಬು ನನ್ನ ಕೈಯಲ್ಲಿ ಜರುಗಿತು, ಮೊದಲೇ ಮುರಿದಿತ್ತೋ ನಾನು ಅಪ್ಪಿದ್ದಕ್ಕೆ ಮುರಿಯಿತೋ ಹೇಳಲಾರೆ ಎಂದೆ.  ನಮ್ಮ ವಕೀಲೆ ಮೇಜು ನೋಡುತ್ತಿದ್ದರು. ಅಕ್ಕ ಹಿಂದಿನ ಬೆಂಚಿನಲ್ಲಿದ್ದಳು. ಈ ಮಾತನ್ನು ಅವಳು ಕೇಳಿದ್ದು ಅದೇ ಮೊದಲು.

ಹೊರಗೆ ಬಂದು ಬಸ್ ನಿಲ್ದಾಣದವರೆಗೆ ಇಬ್ಬರೂ ನಡೆದೆವು. ಕೇಸು ಕೆಡಿಸಿದೆನೋ ಏನೋ ಎಂದು ನಾನೇ ಬಾಯಿಬಿಟ್ಟೆ. 

“ಮೊದಲ ಮುರದಿದ್ರ ಅವರಿಗೆ ಭಾಳ ನೋವಾಗಿರಬೇಕು, ತಮ್ಮಾ. ನಿನ್ನ ಕೈಯಾಗ ಮುರದಿದ್ರ ಏನೂ ಗೊತ್ತಾಗಿರೂದಿಲ್ಲ. ಕೋರ್ಟಿನ್ಯಾಗ ಕುಂತು ನಾ ದೇವರಿಗೆ ಏನಂತ ಬೇಡ್ಕೋಬೇಕೋ ತಿಳೀಲಿಲ್ಲ.”

ದಾಂಡೇಲಿಯ ಬಸ್ಸು ಬಂತು. ಸೀಟು ಸಿಗಲಿಲ್ಲ, ನಿಂತೇ ಹೋದೆವು.

ಮುಂದಿನ ತಾರೀಖಿಗೆ ಸಿದ್ದಿ ಗೆಳೆಯ ಬಂದ. ಸಾಕ್ಷಿಯಾಗುತ್ತಾನೆಂದು ತಿಳಿದ ಮೇಲೆ ಘಟಕದಲ್ಲಿ ಅವನನ್ನು ಕೆಲಸಕ್ಕೆ ಕರೆಯುವುದನ್ನು ನಿಲ್ಲಿಸಿದ್ದರು. ಮುಂಡಗೋಡದಲ್ಲಿ ಗೌಂಡಿಗಳ ಕೈಕೆಳಗೆ ದುಡಿಯುತ್ತಿದ್ದ, ಉಗುರುಗಳಲ್ಲಿ ಸಿಮೆಂಟಿತ್ತು. ಮಾಲೀಕನ ವಕೀಲರು ಹಾಜರಿ ಪುಸ್ತಕ ತೋರಿಸಿ ಸತ್ತವನ ಹೆಸರು ಎಲ್ಲಿದೆ ಎಂದು ಕೇಳಿದರು. “ಅದರಾಗ ನನ್ನ ಹೆಸರೂ ಇಲ್ರಿ ಸಾಹೇಬ್ರ. ಹಂಗಾದ್ರ ಆರು ವರ್ಷ ನಾ ಎಲ್ಲಿದ್ದೆ ಅಂತ ನೀವ ಹೇಳ್ರಿ,” ಎಂದ. ಯಾರೋ ನಕ್ಕರು. ಅವನು ನಗಲಿಲ್ಲ. ನಮ್ಮ ವಕೀಲೆ ಆಸ್ಪತ್ರೆಯ ದಾಖಲೆ ತರಿಸಿದ್ದರು. ಕರೆತಂದವರು ಎಂಬಲ್ಲಿ ಸೂಪರ್‌ವೈಜರನ ಸಹಿ ಇತ್ತು. ಮನೆಯಲ್ಲಿ ಸತ್ತವನನ್ನು ಘಟಕದ ಸೂಪರ್‌ವೈಜರ್ ಏಕೆ ತಂದ ಎಂಬ ಪ್ರಶ್ನೆಗೆ ಆ ಕಡೆಯಿಂದ ನೆಟ್ಟಗಿನ ಉತ್ತರ ಬರಲಿಲ್ಲ.

ಹಲವು ತಿಂಗಳ ನಂತರ ಆದೇಶ ಬಂತು. ಕೆಲಸದ ಸ್ಥಳದಲ್ಲಿ, ಕೆಲಸದಿಂದಲೇ ಆದ ಸಾವು ಎಂದು ಒಪ್ಪಿಕೊಂಡು ಅಕ್ಕನಿಗೂ ಮಗಳಿಗೂ ಪರಿಹಾರ ಕೊಡಬೇಕೆಂದು ಬರೆದಿದ್ದರು. ನನ್ನ ಅರ್ಜಿಯ ಬಗ್ಗೆ ಒಂದು ಪ್ಯಾರಾ ಇತ್ತು: ಬರೆದವನೇ ಸುಳ್ಳೆಂದು ಒಪ್ಪಿರುವುದರಿಂದ ಅದನ್ನು ನಂಬಲಾಗದು. ಮಾಲೀಕ ಮೇಲ್ಮನವಿ ಹಾಕುತ್ತಾನಂತೆ. ಪೊಲೀಸ್ ದೂರು ಬೇರೆಯೇ ನಡೆದಿದೆ.

ಕೋಗಿಲಬನದ ಮನೆಯಲ್ಲಿ ಕುಳಿತು ಅಕ್ಕನಿಗೆ ಆದೇಶವನ್ನು ಪೂರ್ತಿ ಓದಿ ಹೇಳಿದೆ. ಹೊಲಿಗೆ ನಿಲ್ಲಿಸಿ ಕೇಳಿದಳು. ಮುಗಿದ ಮೇಲೆ, ಆ ಎಲುಬಿನ ಬಗ್ಗೆ ಏನು ಬರೆದಿದ್ದಾರೆ ಎಂದಳು. ಮತ್ತೊಮ್ಮೆ ಹಾಳೆ ತಿರುವಿ ನೋಡಿದೆ. ಎಲ್ಲಿಯೂ ಇರಲಿಲ್ಲ.

“ಚಲೋ ಆತು ಬಿಡು,” ಎಂದಳು.